ಕೆಲಸ ಬಿಡದೆ ಕತೆ ಮುಗಿಸುವುದು: ಮೊದಲ ಚೀಟಿಯಿಂದ ಪತ್ರಿಕೆಗೆ ಕಳಿಸುವವರೆಗೆ

ಮೂರು ಪುಟ ಬರೆದು ನಿಂತ ಕತೆಗಳು ಎಷ್ಟೋ ಮನೆಗಳ ಬೀರುವಿನಲ್ಲಿವೆ. ಕೇಳಿದರೆ ಬರೆದವರು ಕೊಡುವ ಕಾರಣ ಒಂದೇ, ಪುರುಸೊತ್ತಿಲ್ಲ. ಆ ಹಾಳೆಗಳನ್ನು ತೆಗೆದು ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ಮೊದಲ ಪ್ಯಾರಾವನ್ನು ಏಳೆಂಟು ಸಲ ತಿದ್ದಿರುತ್ತಾರೆ, ಎರಡನೆಯದನ್ನು ಮೂರು ಸಲ. ಮೂರನೇ ಪುಟಕ್ಕೆ ತಿದ್ದುವ ಕೈ ತಾಗಿಯೇ ಇರುವುದಿಲ್ಲ. ಹೊತ್ತು ಸಿಕ್ಕಿತ್ತು, ಆದರೆ ಅಷ್ಟೂ ಮೊದಲ ಪುಟದಲ್ಲೇ ಇಂಗಿಹೋಯಿತು.

ಕೆಲಸಕ್ಕೆ ಹೋಗುವವರಿಗೆ ಸಿಗುವುದು ತುಂಡು ಹೊತ್ತು: ಇವತ್ತು 40 ನಿಮಿಷ, ನಾಡಿದ್ದು ಅರ್ಧ ಗಂಟೆ. ಕೂತ ತಕ್ಷಣ ಹಿಂದಿನದು ನೆನಪಾಗಲಿ ಎಂದು ಮೊದಲಿನಿಂದ ಓದುತ್ತಾರೆ. ಓದುವಾಗ ಯಾವುದೋ ಪದ ಚುಚ್ಚುತ್ತದೆ, ಬದಲಿಸುತ್ತಾರೆ. ಅದು ಬದಲಾದ ಮೇಲೆ ಮುಂದಿನ ವಾಕ್ಯ ಹೊಂದುವುದಿಲ್ಲ, ಅದನ್ನೂ ಮುಟ್ಟುತ್ತಾರೆ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಇಲ್ಲವೇ ಬಸ್ಸಿಗೆ ಹೊತ್ತಾಗುತ್ತದೆ. ಬರೆಯುವುದು ಮತ್ತು ತಿದ್ದುವುದು ಎರಡೂ ಒಟ್ಟಿಗೆ ನಡೆದರೆ ಕತೆ ಮುಂದೆ ಹೋಗುವುದಿಲ್ಲ. ಇಲ್ಲಿ ಹೇಳುವ ಕ್ರಮವೆಲ್ಲ ಇವೆರಡನ್ನು ಬೇರೆ ಬೇರೆ ವಾರಗಳಿಗೆ ಹಂಚುವುದಕ್ಕಾಗಿಯೇ ಇದೆ.

ಗುರಿ: ಸುಮಾರು 2500 ಪದಗಳ ಒಂದು ಸಣ್ಣಕತೆ, ಮೂರು ತಿಂಗಳಲ್ಲಿ. ಕಾದಂಬರಿಯ ಆಸೆ ಇದ್ದರೂ ಮೊದಲು ಈ ಅಳತೆಯ ಒಂದನ್ನಾದರೂ ಪೂರ್ತಿ ಮುಗಿಸಿ. ಉದಾಹರಣೆಗೆ ಉದ್ದಕ್ಕೂ ಒಂದೇ ಕತೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ನೆಲೆಸಿದ ಅಕ್ಕ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ತವರಿಗೆ ಬರುತ್ತಾಳೆ, ನಾಲೆ ಬಯಲಿನ ಗದ್ದೆಯಲ್ಲಿ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಲು. ಕತೆಯ ಹೆಸರು ಸದ್ಯಕ್ಕೆ ‘ಪಾಲು’.

ಯಾವಾಗ ಶುರು ಮಾಡಬೇಕು?

ನಮ್ಮ ಮೈಸೂರು, ಮಂಡ್ಯ ಕಡೆ ಇದಕ್ಕೆ ಒಳ್ಳೆಯ ಕಾಲ ಆಷಾಢ. ಮದುವೆ, ಗೃಹಪ್ರವೇಶ ಇರುವುದಿಲ್ಲ; ಭಾನುವಾರಗಳು ನಮ್ಮವಾಗಿ ಉಳಿಯುತ್ತವೆ. ಆ ನಾಲ್ಕು ವಾರದಲ್ಲಿ ಕರಡು ಮುಗಿಸಿ. ಶ್ರಾವಣದಲ್ಲಿ ಹಬ್ಬ, ನೆಂಟರು. ಕತೆಯನ್ನು ಆರಲು ಬಿಡುವುದಕ್ಕೆ ಸರಿಯಾದ ತಿಂಗಳು. ಗಣೇಶ ಹಬ್ಬ ಕಳೆದು ಪಿತೃಪಕ್ಷ ಬಂತೆಂದರೆ ಮತ್ತೆ ಶುಭಕಾರ್ಯಗಳಿಲ್ಲ, ತಿದ್ದುವ ಕೆಲಸಕ್ಕೆ ಬಿಡುವು ಸಿಗುತ್ತದೆ. ನವರಾತ್ರಿಗೆ ಮೊದಲು ಕೈಯಿಂದ ಬಿಡಬೇಕು; ಆ ಹತ್ತು ದಿನ ಮೈಸೂರಿನ ಮನೆಗಳಲ್ಲಿ ಯಾರೂ ಬರೆಯಲಾರರು. ಬ್ಯಾಂಕಿನವರು, ಲೆಕ್ಕಪತ್ರ ವಿಭಾಗದವರು ಮಾರ್ಚಿನಲ್ಲಿ ಶುರು ಮಾಡಬೇಡಿ. ಶಿಕ್ಷಕರು ಪರೀಕ್ಷೆ, ಮೌಲ್ಯಮಾಪನದ ವಾರಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ.

1. ಒಂದು ವಾರ ಹೊತ್ತು ಅಳೆಯಿರಿ

ಈ ವಾರ ಕತೆ ಬರೆಯುವಂತಿಲ್ಲ. ಚಿಕ್ಕ ಡೈರಿಯಲ್ಲಿ ಪ್ರತಿದಿನ ಎರಡೇ ವಿಷಯ ಬರೆಯಿರಿ: ಯಾವಾಗ 30 ನಿಮಿಷಕ್ಕೂ ಹೆಚ್ಚು ಹೊತ್ತು ಯಾರೂ ಕರೆಯಲಿಲ್ಲ, ಆಗ ತಲೆ ಎಷ್ಟು ತಾಜಾ ಇತ್ತು. ತಾಜಾತನಕ್ಕೆ 1ರಿಂದ 5ರವರೆಗೆ ಅಂಕ ಕೊಡಿ. ವಾರದ ಕೊನೆಗೆ ಹೆಚ್ಚಿನವರಿಗೆ ಗೊತ್ತಾಗುವುದು, ರಾತ್ರಿ 10ರ ನಂತರ ಸಿಗುವ ಒಂದು ಗಂಟೆಗೆ ಅಂಕ 1 ಅಥವಾ 2 ಎಂದು. ಅದನ್ನು ಬರೆಯುವುದಕ್ಕೆ ನಂಬಬೇಡಿ. ನಕಲು ತೆಗೆಯುವುದಕ್ಕೆ, ಟೈಪ್ ಮಾಡುವುದಕ್ಕೆ ಇಟ್ಟುಕೊಳ್ಳಿ.

ಹಾಗೆ ಕೂರುವ ಒಂದೊಂದು ಸಲವನ್ನು ಇಲ್ಲಿ ‘ಪಾಳಿ’ ಎನ್ನೋಣ. ಕರಡಿನ ವಾರಕ್ಕೆ ಬೇಕಾದದ್ದು 40 ನಿಮಿಷದ ನಾಲ್ಕು ಪಾಳಿ. ಒಂದು ಪಾಳಿಗೆ 180ರಿಂದ 200 ಪದ ಹಿಡಿದರೆ ವಾರಕ್ಕೆ 700ರಿಂದ 800, ನಾಲ್ಕು ವಾರಕ್ಕೆ ಸುಮಾರು 3000. ತಿದ್ದಿದಾಗ ಇದೇ 2500ಕ್ಕೆ ಇಳಿಯುತ್ತದೆ. ದಿನಕ್ಕೆ ಸಾವಿರ ಪದ ಎಂಬ ಲೆಕ್ಕ ನಮಗಲ್ಲ. ವಿಭಕ್ತಿ, ಕ್ರಿಯಾರೂಪಗಳೆಲ್ಲ ಅಂಟಿಕೊಂಡೇ ಬರುವ ಕನ್ನಡದಲ್ಲಿ 200 ಪದ ಚಿಕ್ಕದೇನಲ್ಲ.

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡಿನ ಕಾರ್ಖಾನೆಗಳಲ್ಲಿ ಶಿಫ್ಟ್ ಬದಲಾಗುತ್ತಿರುವವರು ಗಡಿಯಾರದ ಸಮಯ ಗೊತ್ತು ಮಾಡಬೇಡಿ, ವಾರಕ್ಕೆ ನಾಲ್ಕು ಪಾಳಿ ಎಂದಷ್ಟೇ ಎಣಿಸಿ. ರಾತ್ರಿ ಶಿಫ್ಟಿನ ವಾರದಲ್ಲಿ ಎರಡಾದರೆ ಸಾಕು.

ಮೈಸೂರು ಅಥವಾ ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ಆ ಹೊತ್ತಿನಲ್ಲಿ ಕರಡು ಬರೆದೇ ಬಿಡುತ್ತೇವೆ ಎಂದು ಲೆಕ್ಕ ಹಾಕುತ್ತಾರೆ, ಎರಡನೇ ವಾರಕ್ಕೆ ಬಿಡುತ್ತಾರೆ. ಸೀಟು ಸಿಗುವ ಖಾತ್ರಿ ಇಲ್ಲ, ಕೈ ಅಲುಗುತ್ತದೆ, ಪಕ್ಕದವರ ಮಾತು ಕಿವಿಗೆ ಬೀಳುತ್ತದೆ. ರೈಲಿಗೆ ಹೊಂದುವ ಕೆಲಸ ಬೇರೆ: ಮುದ್ರಿಸಿದ ಹಾಳೆಯಲ್ಲಿ ಅಡಿಗೆರೆ ಹಾಕುವುದು, ಮುಂದಿನ ದೃಶ್ಯದ ಚೀಟಿ ಬರೆಯುವುದು, ಆ ಪಕ್ಕದವರ ಮಾತಿನ ಧಾಟಿಯನ್ನೇ ಕೇಳಿಸಿಕೊಳ್ಳುವುದು.

ಹೊರಗೂ ದುಡಿದು ಮನೆಯಲ್ಲೂ ಅಡುಗೆ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಬೆಳಿಗ್ಗೆ ಬೇಗ ಏಳಿ ಎಂಬ ಸಲಹೆ ಕೊಡುವುದು ಅನ್ಯಾಯ. ಆ ಹೊತ್ತು ಆಗಲೇ ಒಲೆಗೆ ಹೋಗಿದೆ. ಇಲ್ಲಿ ಮನೆಯವರ ಜೊತೆ ಕೂತು ಮಾತಾಡಲೇಬೇಕು. ‘ಸ್ವಲ್ಪ ಬರೆಯೋದಿದೆ’ ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ‘ಮಂಗಳವಾರ, ಗುರುವಾರ ಸಂಜೆ 7ರಿಂದ 7.40, ಇನ್ನು ಎಂಟು ವಾರ. ಆ ಎರಡು ದಿನ ರಾತ್ರಿ ಅನ್ನ, ಸಾರು ನಿಮ್ಮ ಪಾಲಿಗೆ’ ಎಂದು ದಿನ, ಗಂಟೆ, ಕೊನೆ ಮೂರನ್ನೂ ಹೇಳಿ. ಕೊನೆ ಗೊತ್ತಿರುವ ಕೋರಿಕೆಗೆ ಒಪ್ಪಿಗೆ ಸಿಗುವುದು ಸುಲಭ.

2. ಸಲಕರಣೆ

ಒಂದು 200 ಪುಟದ ಲಾಂಗ್ ನೋಟ್‌ಬುಕ್. ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆ ಖಾಲಿ ಬಿಡಿ. ಬರೆಯುವಾಗ ಹೊಳೆಯುವ ತಿದ್ದುಪಡಿ, ಅನುಮಾನ, ಮುಂದಿನ ದೃಶ್ಯದ ಸುಳಿವು ಎಲ್ಲ ಎಡಕ್ಕೆ ಹೋಗಬೇಕು, ಬಲಗಡೆಯದನ್ನು ಮುಟ್ಟಬಾರದು. ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿದ 20 ದಪ್ಪ ಚೀಟಿ, ಒಂದು ಕೆಂಪು ಪೆನ್ನು, ಒಂದು ಹಾಳೆ ಕಡತ. ಇಷ್ಟು ಸಾಕು.

ಕಂಪ್ಯೂಟರಿನಲ್ಲೇ ಬರೆಯುವವರು ಮೊದಲ ದಿನದಿಂದ ಯೂನಿಕೋಡ್‌ನಲ್ಲೇ ಬರೆಯಿರಿ. ಕಚೇರಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿಗೆ ಕೈ ಪಳಗಿರುತ್ತದೆ. ಹಾಗೆ ಬರೆದ ಕಡತ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ, ಇಮೇಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿಗೆ ಪರಿವರ್ತಿಸಬಹುದು, ಆದರೆ ಅರ್ಕಾವತ್ತು ಜಾಗ ಬದಲಿಸುವುದು, ಒತ್ತಕ್ಷರ ಬಿಡಿಯಾಗುವುದು, ಉದ್ಧರಣ ಚಿಹ್ನೆ ಬೇರೇನೋ ಆಗುವುದು ಇದ್ದೇ ಇರುತ್ತದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ನೋಡಬೇಕು. ಕೀಲಿಮಣೆ ವಿನ್ಯಾಸ ಬದಲಿಸುವ ಅಗತ್ಯವಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ.

ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸುವುದು ನಿರೂಪಣೆಗೆ ಪರವಾಗಿಲ್ಲ. ಸಂಭಾಷಣೆಗೆ ಬೇಡ. ‘ಬತ್ತೀನಿ’ ಎಂದರೆ ಅದು ‘ಬರ್ತೀನಿ’ ಎಂದೋ ಇನ್ನೇನೋ ಎಂದೋ ಬರೆದುಕೊಳ್ಳುತ್ತದೆ. ಮಂಡ್ಯದ ಮಾತು ಸದ್ದಿಲ್ಲದೆ ಪುಸ್ತಕದ ಮಾತಾಗಿಬಿಡುತ್ತದೆ.

ಕಚೇರಿಯ ಲ್ಯಾಪ್‌ಟಾಪ್, ಕಚೇರಿಯ ಇಮೇಲ್ ಎರಡನ್ನೂ ಬಳಸಬೇಡಿ. ಕೆಲಸ ಬಿಟ್ಟ ದಿನ ಅವು ವಾಪಸ್ ಹೋಗುತ್ತವೆ, ಜೊತೆಗೆ ಕತೆಯೂ. ಕೆಲವು ಕಂಪನಿಗಳ ನೇಮಕ ಪತ್ರದಲ್ಲಿ ಅವರ ಸಾಧನದಲ್ಲಿ ಮಾಡಿದ್ದೆಲ್ಲ ಅವರದೇ ಎಂಬ ಷರತ್ತೂ ಇರುತ್ತದೆ. ಪ್ರತಿ ಭಾನುವಾರ ಕಡತವನ್ನು ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಹೆಸರಿನಲ್ಲಿ ತಾರೀಖು ಇರಲಿ. ‘ಪಾಲು ಫೈನಲ್’, ‘ಪಾಲು ಫೈನಲ್ ಹೊಸದು’ ಎಂಬ ಹೆಸರುಗಳು ಒಂದು ದಿನ ತಪ್ಪು ಕಡತವನ್ನು ಪತ್ರಿಕೆಗೆ ಕಳಿಸುತ್ತವೆ.

3. ನಾಲ್ಕು ಸಾಲು, ಏಳು ಚೀಟಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕೇ ಸಾಲು: ಯಾರ ಕತೆ, ಅವರಿಗೆ ಏನು ಬೇಕು, ಯಾವುದು ಅಡ್ಡ, ಕೊನೆಯಲ್ಲಿ ಏನು ಬದಲಾಗಿರುತ್ತದೆ. ‘ಪಾಲು’ ಕತೆಗೆ ಹೀಗೆ: ಅಕ್ಕನ ಕತೆ. ಸಹಿ ಹಾಕಿ, ಯಾರ ಹಂಗೂ ಉಳಿಯದಂತೆ ಸಂಜೆ ಬಸ್ಸಿಗೆ ವಾಪಸಾಗಬೇಕು. ಅವ್ವ ಏನೂ ಮಾತಾಡುತ್ತಿಲ್ಲ, ಅದೇ ಅಡ್ಡ. ಕೊನೆಗೆ ಸಹಿ ಬೀಳುತ್ತದೆ, ಆದರೆ ಸಂಜೆಯ ಬಸ್ಸಿಗೆ ಅವಳು ಹೋಗುವುದಿಲ್ಲ.

ಎರಡನೇ ಸಾಲು ಬರೆಯಲು ಆಗದಿದ್ದರೆ ಕೈಯಲ್ಲಿರುವುದು ಇನ್ನೂ ಸನ್ನಿವೇಶ, ಕತೆಯಾಗಿಲ್ಲ. ‘ಊರು ಬದಲಾಗಿದೆ’, ‘ಸಂಬಂಧಗಳು ಸಡಿಲವಾಗಿವೆ’ ಎಂಬಂಥವು ಆ ಸಾಲಿಗೆ ಸಲ್ಲುವುದಿಲ್ಲ. ಬಸ್ಸು, ಸಹಿ, ಐದು ಲಕ್ಷ, ಕಬ್ಬು ಮಾರಿದ ಬಿಲ್, ಹೀಗೆ ಕೈಗೆ ಸಿಗುವ ಒಂದು ವಸ್ತು ಅಥವಾ ಕೆಲಸ ಅಲ್ಲಿರಬೇಕು.

ಆಮೇಲೆ ದೃಶ್ಯಕ್ಕೊಂದು ಚೀಟಿ. 2500 ಪದದ ಕತೆಗೆ ಆರರಿಂದ ಎಂಟು ದೃಶ್ಯ ಸಾಕು. ಪ್ರತಿ ಚೀಟಿಯಲ್ಲಿ ಎಲ್ಲಿ, ಯಾವ ಹೊತ್ತು, ಯಾರ್ಯಾರು, ದೃಶ್ಯ ಮುಗಿಯುವಾಗ ಮೊದಲಿಗಿಂತ ಏನು ಬೇರೆಯಾಗಿದೆ. ಚೀಟಿಗಳನ್ನು ನೆಲದ ಮೇಲೆ ಹರವಿ. ಒಂದನ್ನು ತೆಗೆದಿಟ್ಟರೂ ಉಳಿದವು ಅಲುಗದಿದ್ದರೆ ಆ ದೃಶ್ಯ ಬೇಡ. ಈ ಕೆಲಸ ಒಂದು ವಾರದ್ದು. ಎರಡನೇ ವಾರಕ್ಕೂ ಚೀಟಿ ಜೋಡಿಸುತ್ತಲೇ ಇದ್ದರೆ ಬರೆಯುವುದನ್ನು ಮುಂದೂಡುತ್ತಿದ್ದೀರಿ ಎಂದರ್ಥ.

4. ಕರಡು: ಹಿಂದಕ್ಕೆ ಓದಬೇಡಿ

ಪ್ರತಿ ಪಾಳಿಯಲ್ಲೂ ಕ್ರಮ ಒಂದೇ. ಕೂತ ತಕ್ಷಣ ಹಿಂದಿನ ದಿನದ ಕೊನೆಯ ಐದು ಸಾಲು ಮಾತ್ರ ಓದಿ, ಅದಕ್ಕಿಂತ ಹಿಂದಕ್ಕೆ ಹೋಗಬೇಡಿ. 32 ನಿಮಿಷ ಬರೆಯಿರಿ. ಉಳಿದ ಹೊತ್ತಿನಲ್ಲಿ ಎಡಗಡೆ ಪುಟದಲ್ಲಿ ನಾಳೆಯ ಮೊದಲ ವಾಕ್ಯ ಬರೆದಿಡಿ, ಅದರ ಕೆಳಗೆ ಆಮೇಲೆ ಏನಾಗುತ್ತದೆ ಎಂದು ಮೂರು ಪದ. ಈ ಕೊನೆಯ ಎಂಟು ನಿಮಿಷ ಬಿಟ್ಟವರೇ ಮರುದಿನ ಮೊದಲಿನಿಂದ ಓದಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡು ದಿನ ಕಚೇರಿಯ ತಲೆಬಿಸಿಯಲ್ಲಿ ಮುಳುಗಿ ಬಂದವರಿಗೆ ಕತೆಯೊಳಗೆ ಹೊಗಲು ಬಾಗಿಲು ತೆರೆದಿರಬೇಕು; ಆ ವಾಕ್ಯವೇ ಬಾಗಿಲು.

ದೃಶ್ಯ ಮುಗಿದ ಜಾಗದಲ್ಲಿ ಪಾಳಿ ನಿಲ್ಲಿಸಬೇಡಿ. ಅಕ್ಕ ಚಪ್ಪಲಿ ಬಿಟ್ಟು ಹಜಾರಕ್ಕೆ ಕಾಲಿಡುವಾಗ, ತಮ್ಮ ಬಾಯಿ ತೆರೆಯುವ ಮೊದಲು ನಿಲ್ಲಿಸಿ. ಅವನೇನು ಹೇಳುತ್ತಾನೆ ಎಂಬುದು ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗಲೂ ತಲೆಯಲ್ಲಿ ಓಡುತ್ತಿರುತ್ತದೆ.

ಗೊತ್ತಿಲ್ಲದ ಮಾಹಿತಿ ಎದುರಾದರೆ ಬರೆಯುವುದನ್ನು ನಿಲ್ಲಿಸಿ ಮೊಬೈಲು ತೆಗೆಯಬೇಡಿ. ತೆಗೆದರೆ ಪಾಳಿ ಹೋಯಿತು. ಆ ಜಾಗದಲ್ಲಿ ‘ಕ್ಷಕ್ಷ’ ಎಂದು ಬರೆದು ಮುಂದೆ ಹೋಗಿ: ‘ಕ್ಷಕ್ಷ ಹೆಬ್ಬೆಟ್ಟು ಯಾವ ಕೈದು?’ ಕನ್ನಡದ ಪದಗಳಲ್ಲಿ ಈ ಜೋಡಿ ತೀರಾ ಅಪರೂಪವಾದ್ದರಿಂದ ಆಮೇಲೆ ಹುಡುಕಿದರೆ ಒಂದೇ ಸಲಕ್ಕೆ ಎಲ್ಲ ಸಿಗುತ್ತವೆ. ಪಾತ್ರದ ಹೆಸರು ಬದಲಿಸಬೇಕು ಅನಿಸಿದರೂ ಅಷ್ಟೇ, ಈ ವಾಕ್ಯದಿಂದ ಹೊಸ ಹೆಸರು ಬರೆಯಿರಿ, ಹಿಂದಿನದನ್ನು ಮುಟ್ಟಬೇಡಿ.

ಕರಡು ಕೆಟ್ಟದಾಗಿ ಕಾಣುತ್ತದೆ. ಕಾಣಲೇಬೇಕು. ಎರಡನೇ ವಾರದಲ್ಲಿ ಇನ್ನೊಂದು, ಇದಕ್ಕಿಂತ ಚೆನ್ನಾದ ಕತೆ ಹೊಳೆಯುತ್ತದೆ. ಇದು ತಪ್ಪದೆ ಬರುವ ಗಂಡಾಂತರ. ಅದನ್ನು ಒಂದು ಚೀಟಿಯಲ್ಲಿ ಬರೆದು ಕಡತದೊಳಗಿಟ್ಟು ಇದಕ್ಕೇ ವಾಪಸ್ ಬನ್ನಿ. ಚೀಟಿ ಎಲ್ಲಿಗೂ ಹೋಗುವುದಿಲ್ಲ.

ಎಚ್ಚರದ ಗುರುತುಗಳು: ಸತತ ಮೂರು ಪಾಳಿಯಲ್ಲಿ 80 ಪದ ದಾಟದಿದ್ದರೆ ಸಾಮಾನ್ಯವಾಗಿ ಮುಂದಿನ ಚೀಟಿಯಲ್ಲಿ ದೋಷವಿರುತ್ತದೆ, ನಿಮ್ಮ ಶಕ್ತಿಯಲ್ಲಲ್ಲ. ಆ ದೃಶ್ಯ ಹಾರಿಸಿ ಅದರ ಮುಂದಿನದನ್ನು ಬರೆಯಿರಿ. ಒಂದು ಪುಟ ಪೂರ್ತಿ ಯಾರೂ ಏನನ್ನೂ ಮಾಡದೆ ಬರೀ ನೆನಪಿಸಿಕೊಳ್ಳುತ್ತಿದ್ದರೆ ಕತೆ ನಿಂತಿದೆ. ಬರೆದದ್ದನ್ನು ಆಗಲೇ ಯಾರಿಗಾದರೂ ವಾಟ್ಸ್ಯಾಪ್ ಮಾಡುವ ಆಸೆ ಬಂದರೆ ತಡೆದುಕೊಳ್ಳಿ. ಅರ್ಧ ಕತೆಗೆ ಬಂದ ಹೊಗಳಿಕೆಯೂ ಟೀಕೆಯೂ ಉಳಿದರ್ಧವನ್ನು ಬರೆಯಗೊಡುವುದಿಲ್ಲ.

ವಾರ ತಪ್ಪಿದರೆ

ತಪ್ಪುತ್ತದೆ. ಆಡಿಟ್ ಬರುತ್ತದೆ, ಮಗುವಿಗೆ ಜ್ವರ ಬರುತ್ತದೆ, ಊರಲ್ಲಿ ತಿಥಿ ಇರುತ್ತದೆ. ತಪ್ಪಿದ ಪಾಳಿಗಳನ್ನು ಭಾನುವಾರ ಒಟ್ಟಿಗೆ ತುಂಬಿಸಲು ಹೋಗಬೇಡಿ. ಐದು ಗಂಟೆ ಕೂತರೆ ಕೊನೆಯ ಎರಡು ಗಂಟೆಯ ಬರಹ ಎಸೆಯುವಂತಾಗುತ್ತದೆ, ಸೋಮವಾರ ಕೆಲಸದ ಮೇಲೂ ಸಿಟ್ಟು ಬರುತ್ತದೆ. ಹತ್ತು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಮೊದಲ ಪಾಳಿಯಲ್ಲಿ ಬರೆಯಬೇಡಿ; ಚೀಟಿಗಳನ್ನು ಮಾತ್ರ ಓದಿ, ಮುಂದಿನ ದೃಶ್ಯದ ಚೀಟಿಯನ್ನು ಹೊಸ ಹಾಳೆಯಲ್ಲಿ ನಕಲು ಮಾಡಿ, ನಾಳೆಯ ವಾಕ್ಯ ಬರೆದು ಏಳಿ. ಎರಡನೇ ಪಾಳಿಗೆ ಕೈ ತಾನಾಗಿ ಓಡುತ್ತದೆ.

5. ಆರಲು ಬಿಡಿ

ಕರಡು ಮುಗಿದ ದಿನ ಕಡತಕ್ಕೆ ಹಾಕಿ ಕಟ್ಟಿಡಿ. ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು. ಆಲೆಮನೆಯಲ್ಲಿ ಬಿಸಿ ಪಾಕವನ್ನು ಅಚ್ಚಿನಿಂದ ಯಾರೂ ಕೀಳುವುದಿಲ್ಲ. ಆರದ ಬೆಲ್ಲ ಅಚ್ಚಿನ ಆಕಾರ ಉಳಿಸಿಕೊಳ್ಳುವುದಿಲ್ಲ. ತಕ್ಷಣ ಓದಿದರೆ ಪುಟದಲ್ಲಿ ಇಲ್ಲದ್ದನ್ನೂ ನಿಮ್ಮ ತಲೆ ತುಂಬಿಕೊಂಡು ಓದುತ್ತದೆ. ಈ ವಾರಗಳಲ್ಲಿ ರಾತ್ರಿಯ ದಣಿದ ಹೊತ್ತನ್ನು ಟೈಪ್ ಮಾಡಲು ಬಳಸಿ. ಟೈಪ್ ಮಾಡುವಾಗಲೂ ತಿದ್ದಬೇಡಿ, ಇದ್ದದ್ದು ಇದ್ದ ಹಾಗೆ.

ಕೊನೆಗೆ ಎ4 ಹಾಳೆಯಲ್ಲಿ, 14ರ ಅಕ್ಷರ, ಒಂದೂವರೆ ಸಾಲು ಅಂತರ, ಬಲಗಡೆ ಎರಡು ಇಂಚು ಜಾಗ ಬಿಟ್ಟು ಮುದ್ರಿಸಿ. ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಮಾಡಿಕೊಂಡೇ ಹೋಗಿ. ವರ್ಡ್ ಕಡತ ಒಯ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಪುಟವೆಲ್ಲ ಕದಲಿಹೋಗುತ್ತದೆ.

6. ತಿದ್ದುವುದು: ಮೂರು ಸುತ್ತು, ಇದೇ ಕ್ರಮದಲ್ಲಿ

ವಾಕ್ಯ ತಿದ್ದುವುದು ಕಟ್ಟಕಡೆಗೆ. ಮೊದಲೇ ವಾಕ್ಯಕ್ಕೆ ಕೈ ಹಾಕಿದರೆ ಎರಡು ನಷ್ಟ. ಬಿಸಾಡಬೇಕಾದ ದೃಶ್ಯಕ್ಕೆ ನಾಲ್ಕು ಪಾಳಿ ಸುರಿದಿರುತ್ತೀರಿ. ಚೆಂದ ಮಾಡಿದ ಮೇಲೆ ಅದನ್ನು ಬಿಸಾಡಲು ಮನಸ್ಸೂ ಬರುವುದಿಲ್ಲ. ತಿದ್ದಲು ಶುರು ಮಾಡುವಾಗ 40 ನಿಮಿಷದ ಪಾಳಿ ಸಾಲದು. ಮೊದಲ ಸುತ್ತಿಗೆ ಒಂದೇ ಸಮ ಎರಡು ಗಂಟೆ ಕೂರಬೇಕು, ಏಕೆಂದರೆ ಇಡೀ ಕತೆ ಒಟ್ಟಿಗೆ ತಲೆಯಲ್ಲಿರಬೇಕು. ಎರಡನೇ ಶನಿವಾರ, ನಾಲ್ಕನೇ ಶನಿವಾರದ ರಜೆ ಇರುವವರು ಆ ಬೆಳಿಗ್ಗೆಯನ್ನು ಇದಕ್ಕೆಂದೇ ಕಾದಿರಿಸಿ.

ಮೊದಲ ಸುತ್ತು, ಕತೆಯ ಕಟ್ಟೋಣ. ಪೆನ್ನು ಮುಟ್ಟದೆ ಒಮ್ಮೆ ಪೂರ್ತಿ ಓದಿ. ಆಮೇಲೆ ಹಳೆಯ ಚೀಟಿ ನೋಡದೆ, ಪುಟದಲ್ಲಿ ನಿಜವಾಗಿ ಇರುವುದರಿಂದ ಹೊಸ ಚೀಟಿಗಳನ್ನು ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕತೆ ಎಲ್ಲಿ ದಾರಿ ಬಿಟ್ಟಿದೆ ಎಂದು ಕಾಣುತ್ತದೆ. ಕೆಲವು ಸಲ ಬಿಟ್ಟ ದಾರಿಯೇ ಚೆನ್ನಾಗಿರುತ್ತದೆ. ಆಗ ಮೊದಲ ಪುಟದ ನಾಲ್ಕು ಸಾಲನ್ನೇ ಬದಲಿಸಿ.

ಇಲ್ಲಿ ಪದೇ ಪದೇ ಸಿಗುವ ದೋಷ ಮೂರು. ಕತೆ ಎರಡನೇ ಪುಟದಲ್ಲಿ ಶುರುವಾಗುವುದು ಮೊದಲನೆಯದು: ಅಕ್ಕ ಮೈಸೂರಿನಲ್ಲಿ ಎದ್ದು, ಕಾಫಿ ಕುಡಿದು, ಬಸ್ಸು ಹತ್ತಿ, ಕಿಟಕಿಯಿಂದ ಕಬ್ಬಿನ ಗದ್ದೆ ನೋಡುವುದೆಲ್ಲ ಬರೆಯುವವರಿಗೆ ಬೇಕಾದ ಪೀಠಿಕೆ. ಮೊದಲ ಪುಟ ಮುಚ್ಚಿಟ್ಟು ಎರಡನೆಯದರಿಂದ ಓದಿ ನೋಡಿ, ಅರ್ಥವಾದರೆ ಮೊದಲನೆಯದು ಹೋಗಲಿ. ಎರಡನೆಯದು, ಕತೆ ಶುರುವಾದ ಕೂಡಲೇ ಇಪ್ಪತ್ತು ವರ್ಷ ಹಿಂದಕ್ಕೆ ಜಿಗಿಯುವುದು. ಈಗಿನ ಪ್ರಶ್ನೆ, ಅಂದರೆ ಸಹಿ ಹಾಕುತ್ತಾಳೋ ಇಲ್ಲವೋ ಎಂಬುದು, ಓದುಗರಿಗೆ ತಟ್ಟುವ ಮೊದಲೇ ಹಳೆಯದು ಹೇಳಿದರೆ ಯಾರೂ ಕೇಳುವುದಿಲ್ಲ. ಹಳೆಯದನ್ನು ಮೂರನೇ ದೃಶ್ಯದ ನಂತರಕ್ಕೆ ತಳ್ಳಿ, ಅದೂ ಐದಾರು ಸಾಲು ಮೀರದಂತೆ. ಮೂರನೆಯದು ಕೊನೆಯ ಪ್ಯಾರಾ. ಅಕ್ಕ ಬಸ್ಸಿಗೆ ಹೋಗದೆ ಅವ್ವನ ಪಕ್ಕ ಬೆಳ್ಳುಳ್ಳಿ ಸುಲಿಯುತ್ತಾ ಕೂತಳು ಎಂಬಲ್ಲಿಗೆ ಕತೆ ಮುಗಿದಿದೆ. ಅದರ ಕೆಳಗೆ ಮಣ್ಣಿನ ಋಣ, ಕರುಳಿನ ಬಳ್ಳಿ ಎಂದು ಬರೆದಿದ್ದರೆ ಹೊಡೆದುಹಾಕಿ.

ಎರಡನೇ ಸುತ್ತು, ದೃಶ್ಯ. ‘ಕ್ಷಕ್ಷ’ ಹುಡುಕಿ ಎಲ್ಲವನ್ನೂ ಒಂದು ಪಟ್ಟಿ ಮಾಡಿ. ಹಕ್ಕು ಬಿಡುಗಡೆ ಪತ್ರದ ನೋಂದಣಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಸಾಕ್ಷಿಗಳು ಸಹಿ ಹಾಕುತ್ತಾರೆ. ಇದನ್ನು ಕೇಳಿ ಬರೆದರೆ ಸಾಲದು; ಅಲ್ಲಿಯ ಬೆಂಚು, ಪತ್ರ ಬರೆಯುವವರು, ಹೆಸರು ಕೂಗುವ ದನಿ ಕತೆಯೊಳಗೆ ಬರಬೇಕಾದರೆ ಒಂದು ಹೊತ್ತು ಹೋಗಿ ಕೂತು ಬನ್ನಿ. ಎರಡನೇ ಶನಿವಾರ ಸಾಮಾನ್ಯವಾಗಿ ಆ ಕಚೇರಿಗೂ ರಜೆ, ಅರ್ಧ ದಿನ ಸಿಎಲ್ (ಸಾಂದರ್ಭಿಕ ರಜೆ) ಹಾಕಬೇಕಾದೀತು. ಮೂರು ತಿಂಗಳಲ್ಲಿ ಕತೆಗಾಗಿ ಹಾಕುವ ರಜೆ ಅದೊಂದೇ ಆಗಿದ್ದರೆ ನಷ್ಟವಿಲ್ಲ.

ಮಂಡ್ಯ ಸೀಮೆಯ ಕತೆಯಲ್ಲಿ ನೀರು, ಬೆಳೆ, ತಿಂಗಳು ಮೂರೂ ಒಂದಕ್ಕೊಂದು ಹೊಂದಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. ಕಟ್ಟು ಪದ್ಧತಿಯಲ್ಲಿ ಬಿಡುವ ಕಾಲವಿದೆ, ನಿಲ್ಲಿಸುವ ಕಾಲವಿದೆ. ಆ ನಾಲೆಗೆ ನೀರು ಬಿಡುವ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಪೂರ್ಣ ಮಟ್ಟ 124.80 ಅಡಿ. ಪಾತ್ರವೊಂದು ‘130 ಅಡಿ ತುಂಬೈತಂತೆ’ ಎಂದರೆ ಅಲ್ಲಿಯ ಓದುಗರು ಅಲ್ಲೇ ಕತೆ ಬಿಡುತ್ತಾರೆ.

ಸಂಭಾಷಣೆಗೆ ಬೇರೆ ಹಾಳೆಯಲ್ಲಿ ಒಂದು ಮಾತಿನ ಪಟ್ಟಿ ಮಾಡಿ, ಪಾತ್ರಕ್ಕೆ ನಾಲ್ಕೈದು ಲಕ್ಷಣ ಸಾಕು. ತಮ್ಮ: ಹಕಾರ ಬಿಡುತ್ತಾನೆ (ಓಯ್ತೀನಿ), ‘ಬತ್ತೀನಿ’ ಎನ್ನುತ್ತಾನೆ, ಇಲ್ಲ ಎನ್ನುವಾಗ ‘ಆಗಾಕಿಲ್ಲ’, ಅಕ್ಕನಿಗೆ ‘ಕಣಕ್ಕ’. ಅಕ್ಕ: ಮೊದಲ ದೃಶ್ಯಗಳಲ್ಲಿ ಮೈಸೂರಿನ ‘ಬರ್ತೀನಿ’, ‘ಆಗಲ್ಲ’. ಕೊನೆಯ ದೃಶ್ಯದಲ್ಲಿ ಅವಳ ಬಾಯಲ್ಲೂ ‘ನಂಗೇನ್ ಬ್ಯಾಡ ಕಣ್ಲಾ’ ಎಂದು ಬಂದರೆ ಅವಳು ಊರಿಗೆ ಮರಳಿದ್ದು ಓದುಗರಿಗೆ ಕೇಳಿಸುತ್ತದೆ, ಬೇರೆ ವಿವರಣೆಯೇ ಬೇಡ. ಇದೇ ಬದಲಾವಣೆ ಎರಡನೇ ಪುಟದಲ್ಲೊಮ್ಮೆ ನಾಲ್ಕನೇ ಪುಟದಲ್ಲೊಮ್ಮೆ ಅಡ್ಡಾದಿಡ್ಡಿ ಬಂದರೆ ಅಚ್ಚಿನ ತಪ್ಪಿನ ಹಾಗೆ ಕಾಣುತ್ತದೆ. ಹಕಾರ ಬಿಟ್ಟಾಗ ಅರ್ಥ ಕೆಡುವ ಕಡೆ ಬಿಡಬೇಡಿ: ಕೇಳುವವರಿಗೆ ಗೊಂದಲವಿಲ್ಲ, ಓದುವವರಿಗೆ ‘ಅಕ್ಕಿ ಆರಿತು’ ಎಂದರೆ ಒಣಹಾಕಿದ ಅಕ್ಕಿ, ಹಾರಿದ ಹಕ್ಕಿ ಎರಡೂ ಆದೀತು.

ಗೌರವ ಸೂಚಕಗಳನ್ನೂ ಇಲ್ಲೇ ನೋಡಿ. ‘ಅವ್ವ ಬಂದಳು’ ಎಂದು ಶುರುವಾದದ್ದು ಮುಂದೆ ‘ಅವ್ವ ಹೇಳಿದರು’ ಆಗಬಾರದು. ತಿಂಗಳುಗಟ್ಟಲೆ ತುಂಡು ತುಂಡಾಗಿ ಬರೆದ ಕತೆಗಳಲ್ಲಿ ಇದು ತಪ್ಪದೆ ಆಗಿರುತ್ತದೆ. ‘ಎಂದಳು’, ‘ಅಂದಳು’ ನಡುವೆಯೂ ಒಂದನ್ನೇ ಆರಿಸಿ.

ಮೂರನೇ ಸುತ್ತು, ವಾಕ್ಯ. ದಿನಕ್ಕೆ ಎರಡೇ ಪುಟ. ಈ ಸುತ್ತಿಗೆ ರೈಲಿನ ಹೊತ್ತು ಹೇಳಿ ಮಾಡಿಸಿದ್ದು. ಕೆಂಪು ಪೆನ್ನಿನಿಂದ ಹುಡುಕಬೇಕಾದವು ಇವು. ಬೇಡದ ‘ಒಂದು’: ‘ಅವಳು ಒಂದು ಕುರ್ಚಿಯ ಮೇಲೆ ಕುಳಿತುಕೊಂಡಳು’ ಎಂಬುದು ‘ಕುರ್ಚಿಯಲ್ಲಿ ಕೂತಳು’ ಆದರೆ ಏನೂ ಕಳೆಯುವುದಿಲ್ಲ. ಪದೇ ಪದೇ ಬರುವ ಸರ್ವನಾಮ: ಹೆಣ್ಣೋ ಗಂಡೋ ಎಂದು ಕನ್ನಡದ ಕ್ರಿಯಾಪದವೇ ಹೇಳುತ್ತದೆ, ‘ಅವಳು ಬಂದಳು. ಅವಳು ಬಾಗಿಲು ತೆಗೆದಳು’ ಬದಲು ‘ಬಂದವಳೇ ಬಾಗಿಲು ತೆಗೆದಳು’. ಕಚೇರಿಯ ಟಿಪ್ಪಣಿಯಿಂದ ಅಂಟಿಕೊಂಡು ಬರುವ ಕರ್ಮಣಿ: ದಿನವಿಡೀ ‘ಪರಿಶೀಲಿಸಲಾಗಿದೆ’, ‘ಕೋರಲಾಗಿದೆ’ ಬರೆಯುವ ಕೈ ಕತೆಯಲ್ಲೂ ‘ಪತ್ರಕ್ಕೆ ಸಹಿ ಮಾಡಲಾಯಿತು’ ಎಂದು ಬರೆದುಬಿಡುತ್ತದೆ. ‘ಸಹಿ ಬಿತ್ತು’ ಎಂದರೆ ಸಾಕು. ‘ಇದ್ದಕ್ಕಿದ್ದಂತೆ’, ‘ಯಾಕೋ’, ‘ಒಂದು ರೀತಿಯ’, ‘ಏನೋ ಕಳೆದುಕೊಂಡಂತೆ’ ಇವುಗಳನ್ನು ಎಣಿಸಿ. ಇಡೀ ಕತೆಗೆ ಒಂದೊಂದಕ್ಕಿಂತ ಹೆಚ್ಚು ಬೇಡ.

ಸುತ್ತು ಮುಗಿದ ಮೇಲೆ ಜೋರಾಗಿ ಓದಿ. 2500 ಪದಕ್ಕೆ 20ರಿಂದ 25 ನಿಮಿಷ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತು ಹಾಕುವಾಗ ಕೇಳಿದರೆ ಇನ್ನೂ ಒಳ್ಳೆಯದು. ಕಣ್ಣು ದಾಟಿಸಿಬಿಡುವ ಎಡವಟ್ಟು ಕಿವಿಗೆ ಸಿಗುತ್ತದೆ. ನಾಲಿಗೆ ತೊಡರಿದ ಕಡೆಗಳನ್ನೆಲ್ಲ ತಿದ್ದಿ.

7. ಬೇರೆಯವರ ಕಣ್ಣು

ಇಬ್ಬರು ಸಾಕು. ಒಬ್ಬರು ಕತೆ ಓದುವ ಅಭ್ಯಾಸವಿರುವವರು, ಇನ್ನೊಬ್ಬರು ಆ ಲೋಕ ಬಲ್ಲವರು. ಇಲ್ಲಿ ನಾಲೆ ಬಯಲಿನ ಬೇಸಾಯಗಾರರು ಅಥವಾ ತವರಿನ ಪಾಲಿನ ಪತ್ರಕ್ಕೆ ಸಹಿ ಹಾಕಿದ ಹೆಣ್ಣುಮಗಳು. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಸಿಗುವುದು. ಎಲ್ಲಿ ಓದುವುದು ನಿಲ್ಲಿಸಬೇಕು ಅನಿಸಿತು, ಯಾವುದು ಅರ್ಥವಾಗಲಿಲ್ಲ, ಯಾವ ಮಾತು ಆ ಬಾಯಿಗೆ ಸಲ್ಲಲಿಲ್ಲ, ಈ ಮೂರನ್ನು ಕೇಳಿ. ಅವರು ಹೇಳುವಾಗ ಸಮಜಾಯಿಷಿ ಕೊಡಬೇಡಿ, ಬರೆದುಕೊಳ್ಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ಅಲ್ಲಿ ತೊಂದರೆ ಇದೆ. ಅವರು ಸೂಚಿಸಿದ ಪರಿಹಾರವನ್ನು ಮಾತ್ರ ಹಾಗೇ ತೆಗೆದುಕೊಳ್ಳಬೇಕಾಗಿಲ್ಲ.

ಸಹೋದ್ಯೋಗಿಗಳಿಗೆ ಕೊಡುವ ಮೊದಲು ಯೋಚಿಸಿ. ಕತೆಯಲ್ಲಿ ಕಚೇರಿ ಇದ್ದರೆ ಓದುಗರು ಕತೆ ಬಿಟ್ಟು ಪಾತ್ರ ಯಾರು ಎಂದು ಹುಡುಕುತ್ತಾರೆ. ಕಂಡವರನ್ನು ಬರೆಯುವಾಗ ಹೆಸರು ಬದಲಿಸಿದರೆ ಸಾಲದು. ವಯಸ್ಸು, ಊರು, ಹುದ್ದೆ ಮೂರರಲ್ಲಿ ಎರಡಾದರೂ ಬದಲಾಗಲಿ.

8. ಕಳಿಸುವುದು

ಸರ್ಕಾರಿ ನೌಕರರು ಮೊದಲು ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021ರಲ್ಲಿ ಪ್ರಕಟಣೆ ಮತ್ತು ಸಂಭಾವನೆಯ ಭಾಗ ಓದಿ, ಸಿಬ್ಬಂದಿ ಶಾಖೆಯಲ್ಲಿ ವಿಚಾರಿಸಿ, ಸಿಕ್ಕ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಖಾಸಗಿಯವರು ನೇಮಕ ಪತ್ರ ತೆಗೆದು ನೋಡಿ.

ಮಯೂರ, ತುಷಾರದಂಥ ಮಾಸಿಕಗಳು, ಸುಧಾ, ತರಂಗದಂಥ ವಾರಪತ್ರಿಕೆಗಳು ಕತೆ ಪ್ರಕಟಿಸುತ್ತವೆ. ಪ್ರಜಾವಾಣಿಯ ದೀಪಾವಳಿ ವಿಶೇಷಾಂಕಕ್ಕೆ ಕಥಾಸ್ಪರ್ಧೆ ಇದೆ. ಕಳಿಸುವ ಮೊದಲು ಆ ಪತ್ರಿಕೆಯ ಇತ್ತೀಚಿನ ಮೂರು ಸಂಚಿಕೆಗಳನ್ನಾದರೂ ಓದಿ, ಕತೆಗಳ ಪದ ಎಣಿಸಿ. ನಗರ ಕೇಂದ್ರ ಗ್ರಂಥಾಲಯದಲ್ಲಿ ಒಂದು ಸಂಜೆಗೆ ಮುಗಿಯುವ ಕೆಲಸ. ಸ್ಪರ್ಧೆಯಾದರೆ ಪ್ರಕಟಣೆಯನ್ನು ಎರಡು ಸಲ ಓದಿ: ಪದಮಿತಿ, ಕಡತದ ಬಗೆ, ಹೆಸರು ಎಲ್ಲಿ ಬರೆಯಬೇಕು. ಹೆಸರು ಬೇರೆ ಹಾಳೆಯಲ್ಲಿರಬೇಕು ಎಂದಿರುವಾಗ ಕತೆಯ ಕೆಳಗೇ ಬರೆದು ಅನರ್ಹರಾಗುವವರು ಇದ್ದಾರೆ. ಫೇಸ್‌ಬುಕ್ಕಿನಲ್ಲಿ ಹಾಕಿದ ಕತೆಯನ್ನು ಹಲವು ಸ್ಪರ್ಧೆಗಳು ಪ್ರಕಟಿತ ಎಂದೇ ಎಣಿಸುತ್ತವೆ. ಒಂದೇ ಕತೆಯನ್ನು ಎರಡು ಕಡೆ ಒಟ್ಟಿಗೆ ಕಳಿಸಬೇಡಿ. ಎರಡರಲ್ಲೂ ಬಂದುಬಿಟ್ಟರೆ ಮುಂದೆ ಎರಡೂ ಬಾಗಿಲು ಮುಚ್ಚುತ್ತವೆ.

ಯೂನಿಕೋಡ್ ಕಡತ, ಜೊತೆಗೊಂದು ಪಿಡಿಎಫ್, ಮೂರು ಸಾಲಿನ ಪತ್ರ. ಕತೆಯ ಆಶಯವನ್ನು ಪತ್ರದಲ್ಲಿ ವಿವರಿಸಬೇಡಿ. ಎಂಟು ಹತ್ತು ಕತೆ ಸೇರಿದ ಮೇಲೆ ಮೊದಲ ಸಂಕಲನಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಅರ್ಜಿ ಆಹ್ವಾನಕ್ಕೆ ಕಣ್ಣಿಟ್ಟಿರಿ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ: ಕತೆ, ಎಲ್ಲಿಗೆ, ಕಳಿಸಿದ ತಾರೀಖು, ಉತ್ತರ. ನಾಲ್ಕು ತಿಂಗಳು ಉತ್ತರ ಬಾರದಿದ್ದರೆ ಒಂದು ಸಾಲಿನ ನೆನಪೋಲೆ ಕಳಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ, ಕತೆಯನ್ನು ಹಿಂಪಡೆಯುತ್ತಿದ್ದೇನೆ ಎಂದು ತಿಳಿಸಿ ಬೇರೆ ಕಡೆಗೆ ಕಳಿಸಿ. ಕತೆ ವಾಪಸ್ ಬಂದರೆ ಆ ವಾರ ಅದನ್ನು ಮುಟ್ಟಬೇಡಿ. ಕಾರಣ ಬರೆದಿದ್ದರೆ ಎಡಗಡೆ ಪುಟಕ್ಕೆ ನಕಲು ಮಾಡಿಕೊಳ್ಳಿ. ಬರೆಯದಿದ್ದರೆ ಒಮ್ಮೆ ಜೋರಾಗಿ ಓದಿ, ನಾಲಿಗೆ ತೊಡರದಿದ್ದರೆ ಇದ್ದ ಹಾಗೇ ಮುಂದಿನ ಪತ್ರಿಕೆಗೆ ಹೋಗಲಿ. ಉತ್ತರ ಬರುವವರೆಗಿನ ತಿಂಗಳುಗಳಿಗೆ ಕಡತದಲ್ಲಿ ಎರಡನೇ ವಾರ ಬರೆದಿಟ್ಟ ಆ ಚೀಟಿ ಇದೆ. ಮುಂದಿನ ಪಾಳಿಯಲ್ಲಿ ಅದರ ನಾಲ್ಕು ಸಾಲು ಬರೆಯಿರಿ.